ಮೂರು ಮೆಟ್ಟಿಲು ಕೆಳಗೆ

ಶ್ರುತಿ ಇಳಿಸಿ ಹಾಡುವ ದಿನ ಬಂದರೆ ಅವತ್ತೇ ಮೈಕು ಕೆಳಗಿಟ್ಟು ಮನೆಗೆ ಬಂದುಬಿಡುತ್ತೇನೆ, ನಾಳೆ ಎನ್ನುವ ಮಾತೇ ಇಲ್ಲ ಎಂದು ಅವನು ಹೆಂಡತಿಗೆ ಮಾತು ಕೊಟ್ಟು ಹದಿನಾರು ವರ್ಷವಾಗಿತ್ತು. ಮಗಳು ಹುಟ್ಟಿ ಒಂಬತ್ತು ದಿನ ಕಳೆದ ಮೇಲೆ, ತಾನು ಹಾಡುವ ರಾಕ್ ಬ್ಯಾಂಡಿನ ವ್ಯಾನಿನಿಂದ ಇಳಿದವನು ಇಳಿದ ಹಾಗೇ, ಬೆವರು ಒಣಗಿ ಬಿಳಿ ಗೆರೆ ಬಿದ್ದಿದ್ದ ಕರಿ ಅಂಗಿಯಲ್ಲೇ ತೊಟ್ಟಿಲ ಹತ್ತಿರ ಹೋಗಿ ನಿಂತಿದ್ದ. ಆರು ಊರುಗಳಲ್ಲಿ ಬಿಡುವಿಲ್ಲದೆ ಕೂಗಿ ಗಂಟಲು ಪೂರ್ತಿ ಕಟ್ಟಿತ್ತು. ಮಗಳಿಗೆ ಅವನು ಆಡಿದ ಮೊದಲ ಮಾತು ಬರೀ ಉಸಿರಾಗಿತ್ತು. ಹೆಂಡತಿ ಮಂಚದ ಮೇಲೆ ಕೂತು ಮಗುವಿನ ಬಟ್ಟೆ ಮಡಚುತ್ತಿದ್ದಳು. ಬೈಯಲಿಲ್ಲ. 'ಎಲ್ಲೀವರೆಗೆ ಇದು?' ಎಂದಳು, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳುವ ಹಾಗೆ. ಆಗ ಅವನು ಆ ಮಾತು ಕೊಟ್ಟಿದ್ದು, ಪಿಸುದನಿಯಲ್ಲಿ. ಆಗ ಅವನಿಗೆ ಮೂವತ್ತಮೂರು. ಅವರ ಹಳೆಯ ಹಾಡೊಂದರ ಕೊನೆಯಲ್ಲಿ ಡ್ರಮ್ಸಿನ ಹದಿನಾರು ಏಟು ಮುಗಿಯುವ ತನಕ ಒಂದೇ ಉಸಿರಿನಲ್ಲಿ ನಿಲ್ಲಿಸುವ ಕೂಗೊಂದಿತ್ತು. ಅದನ್ನು ಕೇಳುವುದಕ್ಕೆಂದೇ ಜನ ಬಸ್ಸು ಹತ್ತಿ ಬರುತ್ತಿದ್ದರು. ಅಂಥ ಗಂಟಲಿದ್ದವನಿಗೆ ಅಂಥ ಮಾತು ಕೊಡುವುದು ಏನೂ ಕಷ್ಟವಿರಲಿಲ್ಲ. ಅದು ಮಾತಿಗಿಂತ ಹೆಚ್ಚಾಗಿ ಜಂಬವಾಗಿತ್ತೆಂದು ಅವನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ. ಅವಳಿಗೂ ಅವತ್ತೇ ಅನ್ನಿಸಿತ್ತೋ ಏನೋ, ಮಡಚಿದ ಬಟ್ಟೆಯನ್ನೇ ಬಿಚ್ಚಿ ಮತ್ತೊಮ್ಮೆ ಮಡಚಿದ್ದಳು.

ಈ ಶನಿವಾರ ಬೆಳಿಗ್ಗೆ ಅವನು ತಿಂಡಿಗೆ ಕೂತಾಗ ತಟ್ಟೆಗೆ ಜಾಗವಿರಲಿಲ್ಲ. ಮಗಳು ತನ್ನ ಕೀಬೋರ್ಡನ್ನು ಊಟದ ಮೇಜಿನ ತುಂಬ ಹಾಸಿಕೊಂಡು ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಯಾವುದನ್ನೋ ಹುಡುಕುತ್ತಿದ್ದಳು. ಪಕ್ಕದಲ್ಲಿ ಮಂಚದ ಕೆಳಗಿನ ರಟ್ಟಿನ ಡಬ್ಬದಿಂದ ತೆಗೆದ ಅವರ ಹಳೆಯ ಸಿ.ಡಿ., ಅದರ ಮೇಲೆ ಮೊಣಕಾಲುದ್ದ ಕೂದಲಿನವನಂತೆ ಕಾಣಲು ಬಗ್ಗಿ ನಿಂತ ಅವನ ಚಿತ್ರ. ಮಧ್ಯಾಹ್ನ ಎರಡೂವರೆಗೆ ಮೈದಾನದಲ್ಲಿ ಅವನ ಕಾರ್ಯಕ್ರಮವಿತ್ತು. ಒಂದು ಕಾಲದಲ್ಲಿ ಪೋಸ್ಟರಿನ ನೆತ್ತಿಯಲ್ಲಿರುತ್ತಿದ್ದ ಬ್ಯಾಂಡಿನ ಹೆಸರು ವರ್ಷಕ್ಕೊಂದು ಸಾಲಿನಂತೆ ಇಳಿದಿಳಿದು ಈಗ ಐಸ್‌ಕ್ರೀಮ್ ಅಂಗಡಿಗಳ ವಿವರಕ್ಕಿಂತ ಸ್ವಲ್ಪ ಮೇಲೆ ಬಂದು ನಿಂತಿತ್ತು. ಅದೂ ಅಕ್ಷರಗಳು ಒಂದರೊಳಗೊಂದು ಮುಳ್ಳಿನ ಹಾಗೆ ಸಿಕ್ಕಿಕೊಂಡು ಓದಲಾಗದ ಬರಹ. ಇದು ಒಳ್ಳೆಯದೇ ಆಯಿತೆಂದು ಅವನು ಪೋಸ್ಟರ್ ನೋಡಿದ ದಿನ ಅಂದುಕೊಂಡಿದ್ದ.

'ಅಪ್ಪ, ಈ ಹಾಡನ್ನ ಯಾವಾಗ ಇಳಿಸಿದ್ರಿ?' ಮಗಳು ತಲೆಯೆತ್ತದೆ ಕೇಳಿದಳು.

'ಯಾವುದನ್ನ?'

'ಇದನ್ನೇ. ಸಿ.ಡಿ.ಲಿ ಇಲ್ಲಿಂದ ಶುರುವಾಗುತ್ತೆ.' ಒಂದು ಕೀ ಒತ್ತಿದಳು. 'ಹೋದ ವರ್ಷದ ವಿಡಿಯೋದಲ್ಲಿ ಇಲ್ಲಿಂದ.' ಇನ್ನೊಂದನ್ನು ಒತ್ತಿದಳು. 'ಮೂರು ಮೆಟ್ಟಿಲು ಕೆಳಗೆ. ಕೂಗೂ ಅಷ್ಟೇ ಕೆಳಗಿದೆ.'

'ನಾವು ಇಳಿಸಿಲ್ಲ. ಹಳೇ ಟೇಪು ಒಮ್ಮೊಮ್ಮೆ ಜೋರಾಗಿ ಓಡುತ್ತೆ, ಆಗ ಎಲ್ಲ ಮೇಲೇನೇ ಕೇಳ್ಸೋದು.'

'ಇದು ಸಿ.ಡಿ. ಅಪ್ಪ. ಸಿ.ಡಿ. ಓಡೋಕೆ ಅದಕ್ಕೇನು ಕಾಲಿದ್ಯಾ?'

ಅವಳು ಕುಹಕದಿಂದ ಹೇಳಲಿಲ್ಲ. ಲೆಕ್ಕ ತಪ್ಪಿದ ಗೆಳತಿಗೆ ಹೇಳುವಷ್ಟು ಸಲೀಸಾಗಿ ಹೇಳಿದಳು. ಹೆಂಡತಿ ಸಿಂಕಿನ ಮುಂದೆ ಬೆನ್ನು ಮಾಡಿ ನಿಂತಿದ್ದಳು. ತೊಳೆಯುತ್ತಿದ್ದ ಪಾತ್ರೆ ಕೈಯಲ್ಲೇ ನಿಂತಿತು, ನಲ್ಲಿಯ ನೀರು ಮಾತ್ರ ಸುರಿಯುತ್ತಲೇ ಇತ್ತು. 'ತಿಂಡಿ ಆರ್ತಿದೆ, ತಿನ್ನಿ' ಎಂದಳು, ಯಾರಿಗೆಂದು ಇಲ್ಲದೆ. ಅವನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ತಿಂದ. ಮಗಳು ಆ ಎರಡು ಕೀಗಳನ್ನು ಒಂದಾದ ಮೇಲೊಂದು ಒತ್ತಿದಳು, ಮತ್ತೆ ಒತ್ತಿದಳು. ಯಾರದೋ ಮನೆಯ ಬಾಗಿಲ ಗಂಟೆಯ ಹಾಗೆ ಕೇಳಿಸಿತು. 'ನಿಲ್ಲಿಸೇ' ಎಂದ. ಅಷ್ಟು ಗಡುಸಾಗಿ ಹೇಳಬೇಕೆಂದು ಅವನಿಗಿರಲಿಲ್ಲ.

ಡ್ರೈವಿಂಗ್ ಶಾಲೆಯ ಕಾರಿಗೆ ಹೋಗಿ ಕೂರುವ ಮುಂಚೆ ಅವನು ಎಂದಿನಂತೆ ಕೂದಲನ್ನು ಗಂಟು ಹಾಕಿ ಕಾಲರಿನೊಳಗೆ ತುರುಕಿಕೊಂಡ. ಮಾಲೀಕನ ಷರತ್ತು ಅದು. ಇಲ್ಲಿ ಅವನು ಹನ್ನೊಂದು ವರ್ಷದಿಂದ ಮೆತ್ತಗೆ ಮಾತಾಡುವ ಕೆಲಸ ಮಾಡುತ್ತಿದ್ದ. ಕ್ಲಚ್ಚು, ಕ್ಲಚ್ಚು, ನಿಧಾನ, ಕನ್ನಡಿ ನೋಡಿ, ಹಾಂ ಈಗ ಬಿಡಿ. ಎಂಥ ದಡ್ಡ ಶಿಷ್ಯನಿಗೂ ದನಿ ಏರಿಸದವನೆಂದು ಅವನಿಗೆ ಹೆಸರಿತ್ತು, ಹೆದರುಕುಳಿಗಳನ್ನೆಲ್ಲ ಅವನ ಪಾಲಿಗೇ ಹಚ್ಚುತ್ತಿದ್ದರು. ಕೂಗನ್ನು ಪೋಲು ಮಾಡಬಾರದೆಂಬುದಷ್ಟೇ ಅದರ ಗುಟ್ಟು. ಅದನ್ನು ಯಾರಿಗೂ ಹೇಳಿರಲಿಲ್ಲ. ಅವನು ಹಾಡುಗಾರನೆಂದು ಗೊತ್ತಿದ್ದ ಪಕ್ಕದ ಮನೆಯಾತ ಒಮ್ಮೆ ಮೆಟ್ಟಿಲಲ್ಲಿ ನಿಲ್ಲಿಸಿ, 'ಅಲ್ಲ, ನೀವು ಹಾಗೆ ಅರಚೋದಾದ್ರೂ ಯಾಕೆ, ಅಲ್ಲಿ ಯಾರಾದ್ರೂ ಹೊಡೀತಾರಾ?' ಎಂದು ನಿಜವಾದ ಕಾಳಜಿಯಿಂದ ಕೇಳಿದ್ದ. ಅಮ್ಮ ಬದುಕಿದ್ದಾಗ ಅವನು ಅಭ್ಯಾಸಕ್ಕೆ ನಿಂತ ಕೂಡಲೇ ಒಂದೊಂದಾಗಿ ಕಿಟಕಿ ಮುಚ್ಚುತ್ತ ಬರುತ್ತಿದ್ದಳು. ನಾಚಿಕೆಗೆ ಹಾಗೆ ಮಾಡುತ್ತಾಳೆಂದು ಅವನು ಎಷ್ಟೋ ವರ್ಷ ಸಿಟ್ಟು ಇಟ್ಟುಕೊಂಡಿದ್ದ. 'ಯಾರಾದ್ರೂ ಏನಾಯ್ತೋ ಅಂತ ಓಡಿ ಬಂದ್ರೆ ಅವರಿಗೆ ಏನು ಹೇಳ್ಲಪ್ಪ?' ಎಂದು ಅವಳು ಕೊನೆಕೊನೆಗೆ ಹೇಳಿದ್ದಳು. ಮೂರು ಮೆಟ್ಟಿಲು. ಮಗಳ ಕಿವಿ ಯಾರಿಂದ ಬಂತೋ. ಅವನಿಗಂತೂ ಸ್ವರದ ಹೆಸರುಗಳು ಬರುತ್ತಿರಲಿಲ್ಲ. ಅವನು ಶ್ರುತಿಯನ್ನು ಗುರುತಿಸುತ್ತಿದ್ದುದು ನೋವಿನಿಂದ. ಗಂಟಲಿನ ಬಲಕ್ಕೆ, ಕಿವಿಯ ಬುಡದ ಹತ್ತಿರ, ಒಂದು ಜಾಗದಲ್ಲಿ ಬಿಸಿ ತಾಗಿತೆಂದರೆ ಕೂಗು ತಲುಪಬೇಕಾದಲ್ಲಿಗೆ ತಲುಪಿತೆಂದು ಅರ್ಥ. ಆ ಬಿಸಿ ಹೋದ ವಾರದ ಅಭ್ಯಾಸದಲ್ಲೂ ತಾಗಿತ್ತು, ಅದೇ ಜಾಗದಲ್ಲಿ, ಕೂದಲೆಳೆ ಆಚೀಚೆ ಇಲ್ಲದೆ. ಹಾಗಾದರೆ ಮಗಳು ಹೇಳಿದ್ದು ತಪ್ಪು. ಇಲ್ಲವೆ ಗಂಟಲು ಇಳಿದಷ್ಟೂ ಯಾರೋ ನೆಲವನ್ನೇ ಇಳಿಸುತ್ತ ಬಂದಿದ್ದಾರೆ.

ಒಂಬತ್ತು ಗಂಟೆಗೆ ನಿವೃತ್ತ ಟೀಚರ್ ಬಂದರು. ಅರವತ್ತೆರಡರ ಹೆಂಗಸು, ಗಂಡ ತೀರಿಕೊಂಡ ಮೇಲೆ ಕಾರು ಶೆಡ್ಡಿನಲ್ಲಿ ಕೊಳೆಯುವುದನ್ನು ನೋಡಲಾರದೆ ಕಲಿಯಲು ಸೇರಿದ್ದರು. ಅವನನ್ನು ಮೇಷ್ಟ್ರೇ ಎಂದು ಕರೆದು ತಾವೇ ನಗುತ್ತಿದ್ದರು. 'ಮೂವತ್ತೈದು ವರ್ಷ ಮಕ್ಕಳ ಕಿವಿ ಹಿಂಡಿದೀನಿ ಮೇಷ್ಟ್ರೇ, ಅದರ ಪಾಪ ತೀರ್ಲಿ, ನೀವು ನಂದು ಹಿಂಡಿ' ಎನ್ನುತ್ತ ಸೀಟನ್ನು ಮುಂದಕ್ಕೆಳೆದುಕೊಂಡರು. ಇದು ಅವರ ಹನ್ನೆರಡನೆಯ ತರಗತಿ. ಆ ಕಾರಿನಲ್ಲಿ ಅವನ ಕಾಲ ಬಳಿಯೂ ಒಂದು ಬ್ರೇಕು, ಒಂದು ಕ್ಲಚ್ಚು ಇತ್ತು. ಕಲಿಯುವವರು ತಡವರಿಸಿದಾಗ ಮಾತಿಲ್ಲದೆ ಅವನ್ನು ಒತ್ತಬೇಕು, ಕಾರನ್ನು ತಾವೇ ನಿಲ್ಲಿಸಿದೆವೆಂದು ಅವರು ನಂಬಬೇಕು; ಮೊದಲ ಹದಿನೈದು ತರಗತಿಯ ತನಕ ಯಾರೂ ಬಾಯಿ ಬಿಡಬಾರದೆಂದು ಶಾಲೆಯ ಪದ್ಧತಿ. ಧೈರ್ಯ ಒಮ್ಮೆ ಒಡೆದರೆ ಕೂಡುವುದಿಲ್ಲ ಎಂದು ಮಾಲೀಕ ಹೇಳುತ್ತಿದ್ದ. ಈ ಕೆಲಸ ಅವನ ಕಾಲಿಗೆ ಎಷ್ಟು ರೂಢಿಯಾಗಿತ್ತೆಂದರೆ ಎಷ್ಟೋ ಸಲ ತಾನು ಒತ್ತಿದ್ದು ಅವನಿಗೇ ತಿಳಿಯುತ್ತಿರಲಿಲ್ಲ. ಇವತ್ತು ನಾಲ್ಕು ರಸ್ತೆ ಕೂಡುವಲ್ಲಿ ಸೈಕಲ್ಲಿನವನೊಬ್ಬ ಅಡ್ಡ ಬಂದ. ಕಾರು ಗಕ್ಕನೆ ನಿಂತಿತು. ಟೀಚರ್ ಉಸಿರು ಬಿಟ್ಟು, 'ನೋಡಿದ್ರಾ, ಈಗೀಗ ಕಾಲು ತಾನಾಗೇ ಹೋಗತ್ತೆ' ಎಂದರು. ಆಮೇಲೆ ಯಾಕೋ ಕೆಳಗೆ ನೋಡಿದರು. ಅವರ ಕಾಲು ಇನ್ನೂ ಬ್ರೇಕಿನ ಹತ್ತಿರ ಹೋಗಿರಲೇ ಇಲ್ಲ, ಚಪ್ಪಲಿ ಕ್ಲಚ್ಚಿನ ಮೇಲೆ ಜಾರಿಕೊಂಡಿತ್ತು. ಅವನ ಕಾಲು ಒತ್ತಿದ ಹಾಗೇ ಇತ್ತು. ಎಳೆದುಕೊಳ್ಳಬೇಕೆಂದುಕೊಂಡ, ಎಳೆದುಕೊಳ್ಳಲಿಲ್ಲ.

'ಇಷ್ಟು ದಿನವೂ ನೀವೇನಾ?'

'ಒಮ್ಮೊಮ್ಮೆ.'

'ಆವತ್ತು ಆ ಲಾರಿ ಎದುರಿಗೆ?'

ಅವನು ಕನ್ನಡಿ ನೋಡಿದ. ಹಿಂದಿನ ಗಾಡಿಯವರು ಹಾರ್ನ್ ಒತ್ತುತ್ತಿದ್ದರು.

'ಅದನ್ನ ನಮ್ಮ ತಂಗಿಗೆ ಫೋನ್ ಮಾಡಿ ಹೇಳಿದ್ದೆ' ಎಂದರು ಟೀಚರ್. 'ನಮ್ಮನೆ ಮಹಡಿಯವರಿಗೆ ಹೇಳಿದ್ದೆ. ಎಷ್ಟು ಜನಕ್ಕೆ ಹೇಳ್ಕೊಂಡು ಓಡಾಡಿದೀನಿ ನೋಡಿ.'

'ಎಲ್ಲರಿಗೂ ಹೀಗೇ ಮಾಡೋದು, ಮೇಡಂ. ನಿಮ್ಮೊಬ್ಬರಿಗೇ ಅಲ್ಲ.'

ಅದು ಸಮಾಧಾನವಾಗಲಿಲ್ಲ. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ತರಗತಿಯ ಮಧ್ಯೆ ಸೆರಗು ಜಾರಿದ್ದು ತುಂಬ ಹೊತ್ತಿನ ಮೇಲೆ ಗೊತ್ತಾದವರ ಗಾಬರಿಯಿತ್ತು. ಆಮೇಲಿನ ಅರ್ಧ ಗಂಟೆ ಅವರು ಮೇಷ್ಟ್ರೇ ಎನ್ನಲಿಲ್ಲ, ಪ್ರತಿ ತಿರುವಿನಲ್ಲೂ ರಸ್ತೆಯ ಬದಲು ಅವನ ಪಾದವನ್ನು ನೋಡುತ್ತ ಓಡಿಸಿದರು. ಇಳಿಯುವಾಗ, 'ನಾಳೆ ಬರ್ತೀನೋ ಇಲ್ವೋ, ಫೋನ್ ಮಾಡ್ತೀನಿ' ಎಂದು ಹೋದರು. ಅವನು ಅಲ್ಲೇ ಕೂತ. ತನ್ನ ಬ್ಯಾಂಡಿನಲ್ಲಿ ಗಿಟಾರುಗಳನ್ನೆಲ್ಲ ಶ್ರುತಿ ಮಾಡುವವನು ಗಿಟಾರಿನವನೊಬ್ಬನೇ, ಅದೂ ಉಳಿದವರು ಬರುವ ಮುಂಚೆ, ಮೂಲೆಗೆ ಮುಖ ಮಾಡಿ. ಅದು ಮೊದಲಿನಿಂದ ನಡೆದುಬಂದದ್ದು. ಅವನ ಏಕಾಗ್ರತೆಗೆ ಹಾಗೆ ಬೇಕೆಂದು ಎಲ್ಲರೂ ಒಪ್ಪಿದ್ದರು. ಹಾಡುಗಾರನ ಕೈ ಗಿಟಾರಿಗೆ ತಾಗಿದರೆ ಅಪಶಕುನ ಎಂದು ತಾವೇ ಮಾಡಿಕೊಂಡ ತಮಾಷೆ ಇಪ್ಪತ್ತಾರು ವರ್ಷದಲ್ಲಿ ನಿಯಮವಾಗಿತ್ತು.

ಗಿಟಾರಿನವನಿಗೆ ಕಂಬ ಎಂದು ಹೆಸರು. ಸ್ಟೇಜಿನ ಮೇಲೆ ಉಳಿದವರು ತಲೆ ಕಳಚಿ ಬೀಳುವ ಹಾಗೆ ಆಡಿಸುತ್ತಿದ್ದರೆ ಅವನು ನಿಂತಲ್ಲೇ ನಿಂತು ಬೆರಳು ಮಾತ್ರ ಓಡಿಸುತ್ತಿದ್ದ. ಒಂದೂವರೆಗೆ ಅವನು ಮೈದಾನಕ್ಕೆ ಹೋದಾಗ ಕಂಬ ಸ್ಟೇಜಿನ ಹಿಂದೆ, ಟಾರ್ಪಾಲಿನ ನೆರಳಲ್ಲಿ, ಸ್ಪೀಕರ್ ಪೆಟ್ಟಿಗೆಯ ಮೇಲೆ ಬೆನ್ನು ತೋರಿಸಿ ಕೂತಿದ್ದ. ಬೆನ್ನು ಬೆಳಿಗ್ಗೆ ಸಿಂಕಿನ ಮುಂದಿದ್ದ ಬೆನ್ನಿನಂತೆಯೇ ಕಂಡಿತು.

'ಎಷ್ಟು ಇಳಿಸಿದೀಯ?'

ಏನನ್ನು ಎಂದು ಕಂಬ ಕೇಳಲಿಲ್ಲ. ಕೇಳಿದ್ದರೆ ಇನ್ನೂ ಸ್ವಲ್ಪ ಹೊತ್ತು ಏನಾದರೂ ಉಳಿಯುತ್ತಿತ್ತು.

'ಮೂರು' ಎಂದ.

'ಯಾವಾಗಿಂದ?'

'ಒಂದೇ ಸಲ ಅಲ್ಲ ಕಣೋ. ಏಳು ವರ್ಷದಲ್ಲಿ. ನಿನಗೆ ಜ್ವರ ಬಂದು ಮೂರು ವಾರ ಮಲಗಿದ್ದೆಯಲ್ಲ, ಎದ್ದು ಬಂದ ಮೇಲೆ ಮೊದಲನೇದು. ಅವತ್ತೊಂದು ದಿನಕ್ಕೆ ಅಂತ ಇಳಿಸಿದೆ. ನೀನು ಹಾಡಿ ಕೆಳಗೆ ಬಂದು, ನೋಡ್ದ್ಯೇನೋ, ಗಂಟಲು ಹೇಗೆ ವಾಪಸ್ ಬಂತು ಅಂತ ನನ್ನ ತಬ್ಕೊಂಡೆ. ಮತ್ತೆ ಹೇಗೆ ಏರಿಸ್ಲಿ?'

'ಎಲ್ಲರಿಗೂ ಗೊತ್ತಾ?'

'ಡ್ರಮ್ಸಿನವನಿಗೆ ಶ್ರುತಿ ಅಂದ್ರೇನು ಅಂತಲೇ ಗೊತ್ತಿಲ್ಲ, ಅವನನ್ನ ಬಿಡು. ಬೇಸ್ ಗಿಟಾರಿನವನಿಗೆ ಗೊತ್ತು.' ಕಂಬ ಗಿಟಾರಿನ ತಂತಿ ಬಿಗಿಸುವ ಕಿವಿಯನ್ನು ಸ್ವಲ್ಪ ತಿರುಗಿಸಿ ಮತ್ತೆ ಇದ್ದಲ್ಲಿಗೇ ತಂದ. 'ನಿಮ್ಮನೆಯವರಿಗೂ ಗೊತ್ತು. ಮೊದಲ ವರ್ಷವೇ ನಾನೇ ಹೋಗಿ ಹೇಳಿದ್ದೆ. ನೀನು ಅವರಿಗೆ ಕೊಟ್ಟಿದ್ದ ಮಾತು ನನಗೆ ಗೊತ್ತಿತ್ತಲ್ಲ. ಹೇಳದೆ ಇರೋದು ಸರಿ ಅನ್ನಿಸ್ಲಿಲ್ಲ.'

'ನನಗೆ ಹೇಳದೆ ಇರೋದು ಸರಿ ಅನ್ನಿಸ್ತು.'

'ಹ್ಞೂಂ' ಎಂದ ಕಂಬ. 'ಅದು ಅನ್ನಿಸ್ತು.'

'ಏರಿಸು ಈಗ. ಮೊದಲು ಎಲ್ಲಿತ್ತೋ ಅಲ್ಲಿಗೆ.'

'ಆಗಲ್ಲ. ಇವು ದಪ್ಪ ತಂತಿ, ಇಳಿಸಿ ಕಟ್ಟೋಕೇ ಇರೋವು. ಮೂರು ಏರಿಸಿದ್ರೆ ಗಿಟಾರಿನ ಕತ್ತು ಬಾಗುತ್ತೆ, ಇಲ್ಲ ತಂತಿ ಹಾರಿ ಮುಂದಿನ ಸಾಲಲ್ಲಿ ಯಾರದಾದ್ರೂ ಕಣ್ಣು ಹೋಗುತ್ತೆ.'

ಅವನು ತಂತಿಗಳನ್ನು ನೋಡಿದ. ಅವುಗಳನ್ನು ಅವನು ಮೊದಲೂ ನೋಡಿದ್ದ, ಅದು ಈಗ ನೆನಪಾಯಿತು. ಏಳು ವರ್ಷದ ಹಿಂದೆಯೋ ಆರೋ, ಅಭ್ಯಾಸದ ಕೋಣೆಯಲ್ಲಿ ಬಗ್ಗಿ ನೋಡಿ, 'ಏನೋ ಇದು, ಬಟ್ಟೆ ಒಣಗ್ಸೋಕಾ?' ಎಂದಿದ್ದ. ಎಲ್ಲರೂ ನಕ್ಕಿದ್ದರು. ಕಂಬ ಮಾತ್ರ ನಕ್ಕಿರಲಿಲ್ಲ. ಅವನತ್ತ ನೋಡುತ್ತ, ಮುಂದಿನ ಪ್ರಶ್ನೆಗೆ ಕಾಯುವವನ ಹಾಗೆ ತುಸು ಹೊತ್ತು ನಿಂತಿದ್ದ. ತಂತಿ ಯಾಕೆ ದಪ್ಪವಾಯಿತು ಎಂಬುದು ಆ ಪ್ರಶ್ನೆ. ಇಪ್ಪತ್ತು ವರ್ಷ ಗಿಟಾರಿನ ಪಕ್ಕದಲ್ಲಿ ನಿಂತವನಿಗೆ ಅದರ ಉತ್ತರವೂ ಗೊತ್ತಿರಬೇಕು. ಅವನು ಕೇಳಿರಲಿಲ್ಲ. ನೀರು ಕುಡಿಯಲು ಹೋಗಿದ್ದ. ನೀರು ತಣ್ಣಗಿತ್ತು, ಲೋಟದ ಅಂಚು ನೆಗ್ಗಿತ್ತು, ಇಷ್ಟೆಲ್ಲ ನೆನಪಿರುವಾಗ ಬಾಯಾರಿಕೆ ಆಗಿತ್ತೇ ಎಂಬುದು ಮಾತ್ರ ನೆನಪಿರಲಿಲ್ಲ.

'ನಾನು ಇವತ್ತು ಮೇಲೆ ಹೋಗಲ್ಲ' ಎಂದ.

'ಆಯ್ತು. ಹೋಗದಿದ್ರೂ ನನಗೇನೂ ಬೇಜಾರಿಲ್ಲ. ಕಾರ್ಯಕ್ರಮದವರಿಗೆ ಏನಾದ್ರೂ ಹೇಳಿದ್ರಾಯ್ತು. ಇನ್ನೂ ಮುಕ್ಕಾಲು ಗಂಟೆ ಇದೆ, ನೋಡು.'

ಜನರೇಟರಿನ ಹಿಂದೆ ಹೋಗಿ ಹೆಂಡತಿಗೆ ಫೋನ್ ಮಾಡಿದ. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಯಂತ್ರದ ಮುಂದೆ ಕೂರುವವಳು. ಅದರ ಸಣ್ಣ ಕೊರೆತದ ಸದ್ದು ಮೊದಲು ಕೇಳಿಸಿತು.

'ನಿನಗೆ ಗೊತ್ತಿತ್ತಂತೆ.'

ಯಂತ್ರ ನಿಂತಿತು. 'ಹೇಳಿದ್ರಾ ಅವರು?'

'ಯಾಕೆ ಸುಮ್ಮನಿದ್ದೆ?'

'ನಿಮಗೇ ಗೊತ್ತಾಗುತ್ತೆ ಅಂತ. ನಿಮ್ಮ ಕಿವಿಗೆ ಕೇಳ್ದೇ ಇರುತ್ತಾ ಅಂದ್ಕೊಂಡೆ. ಇವತ್ತು ಬಂದು ಹೇಳ್ತಾರೆ, ನಾಳೆ ಬಂದು ಹೇಳ್ತಾರೆ ಅಂತ ಎರಡು ವರ್ಷ ಕಾದೆ. ನೀವು ಬಂದಾಗೆಲ್ಲ ಮುಖ ನೋಡ್ತಿದ್ದೆ.'

'ಆಮೇಲೆ?'

'ಆಮೇಲೆ ಏನು. ಕೆಲಸ ಇರುತ್ತಲ್ಲ ಮನುಷ್ಯರಿಗೆ. ಬಿಟ್ಟೆ.'

ಅವನು ಏನೋ ಹೇಳಹೊರಟ. ಜನರೇಟರಿನ ಸದ್ದಿಗೆ ಅದು ಅವನಿಗೇ ಕೇಳಿಸಲಿಲ್ಲ. ಎರಡು ವರ್ಷ. ಆ ಎರಡು ವರ್ಷದಲ್ಲಿ ಅವನು ಬೆಳಿಗ್ಗೆ ಐದಕ್ಕೆ ವ್ಯಾನಿನಿಂದಿಳಿದು ಬಾಗಿಲು ತಟ್ಟಿದಾಗಲೆಲ್ಲ ಅವಳು ತೆರೆದು ಒಂದು ಕ್ಷಣ ಹೆಚ್ಚು ನಿಲ್ಲುತ್ತಿದ್ದಳು. ದೀಪದ ಬೆಳಕಿಗೆ ಕಣ್ಣು ಕಿರಿದು ಮಾಡಿಕೊಂಡು. ನಿದ್ದೆಗಣ್ಣೆಂದುಕೊಂಡು ಅವನು ಪಕ್ಕದಿಂದ ಸರಿದು ಒಳಗೆ ಹೋಗುತ್ತಿದ್ದ.

'ಇವತ್ತು ನಿಲ್ಲಿಸಿಬಿಡ್ತೀನಿ' ಎಂದ. 'ಮೇಲೆ ಹೋಗಲ್ಲ. ಮನೆಗೆ ಬರ್ತೀನಿ.'

'ನಿಲ್ಲಿಸೋದಾದ್ರೆ ನಿಲ್ಲಿಸಿ. ನಂಗೋಸ್ಕರ ಅಂತ ಮಾತ್ರ ಹೇಳ್ಬೇಡಿ. ಬಂದು ಕುರ್ಚೀಲಿ ಕೂತು ನಾನು ಆ ಕಡೆ ಈ ಕಡೆ ಓಡಾಡೋವಾಗೆಲ್ಲ ನಿಟ್ಟುಸಿರು ಬಿಡೋದಾದ್ರೆ ನಂಗೆ ಬೇಡ. ಜ್ವರ ಬಂದಾಗ ಮೂರು ವಾರ ನೋಡಿದೀನಿ, ಸಾಕು.' ಅವಳು ನಗಲು ನೋಡಿದಳು. ಆಮೇಲೆ ದನಿ ತಗ್ಗಿಸಿ, 'ಬಂದ್ರೆ ಬೇಡ ಅನ್ನಲ್ಲ' ಎಂದಳು. 'ಆರಕ್ಕೆ ನಾನೂ ಬರ್ತೀನಿ. ಇಲ್ಲೊಬ್ಬರು ಗಾಜಿಗೆ ಕಾಯ್ತಿದಾರೆ, ಇಡ್ಲಾ?'

ಬಂದರೆ ಬೇಡ ಅನ್ನಲ್ಲ. ಆ ಮೂರು ಶಬ್ದಗಳಲ್ಲಿ ಅವಳು ಇನ್ನೊಮ್ಮೆ ಬಾಗಿಲು ತೆಗೆದು ನಿಂತಿದ್ದಾಳೆಂದು ಅವನಿಗೆ ತಿಳಿಯಿತು. ಈಗ ಹೊರಟರೆ ಮೂರೂವರೆಗೆ ಮನೆ. ಮಗಳು ಮೇಜಿನ ಮೇಲಿನ ಕೀಬೋರ್ಡ್ ತೆಗೆದಿರುತ್ತಾಳೆ ಅಥವಾ ತೆಗೆದಿರುವುದಿಲ್ಲ. ಬೆಳಿಗ್ಗೆ ರೇಗಿದ್ದಕ್ಕೆ ಏನಾದರೂ ಹೇಳಬಹುದು. ಆ ಎರಡು ಕೀಗಳನ್ನು ಇನ್ನೊಮ್ಮೆ ಒತ್ತು, ಕೇಳುತ್ತೇನೆ ಎನ್ನಬಹುದು. ಗೇಟಿನ ಕಡೆಗೆ ನಡೆದ. ಬಿಸಿಲಿಗೆ ಹುಲ್ಲು ಒಣಗಿ ಹಳದಿಯಾಗಿತ್ತು, ಅಲ್ಲಲ್ಲಿ ಚಾದರ ಹಾಸಿ ಸಂಸಾರಗಳು ಕೂತಿದ್ದವು. ಗೇಟಿನ ಹತ್ತಿರ ತಲೆ ಬೋಳಾದ, ಹೊಟ್ಟೆ ಬಂದ ಇಬ್ಬರು ಗಂಡಸರು ನಿಂತಿದ್ದರು. ಹೊಟ್ಟೆಯ ಮೇಲೆ ಬಿಗಿದುಕೊಂಡ ಕರಿ ಅಂಗಿಯಲ್ಲಿ ಅವನ ಬ್ಯಾಂಡಿನ ಮುಳ್ಳಕ್ಷರ ಮಾಸಿಹೋಗಿತ್ತು. ಒಬ್ಬ ಅವನನ್ನು ಗುರುತು ಹಿಡಿದು ಇನ್ನೊಬ್ಬನ ಪಕ್ಕೆ ತಿವಿದ.

'ಅಣ್ಣ, ಆ ಕೂಗು ಇದೆ ತಾನೇ? ಅದಕ್ಕೇ ಬಂದಿದೀವಿ. ರಜೆ ಹಾಕಿ.'

'ಹೆಂಡ್ತಿಗೆ ಹಲ್ಲು ನೋವು ಅಂತ ಹೇಳಿ ಬಂದಿದಾನೆ ಇವನು' ಎಂದ ಇನ್ನೊಬ್ಬ.

ಅವನು ನಕ್ಕ. 'ಇದೆ' ಎಂದ. ಹೇಳಿದ ಮೇಲೆ ಗೇಟಿನಾಚೆ ಹೋಗಲಾಗದೆ ತಿರುಗಿ ಬಂದ. ಇವರಿಗಾಗಿ ಎಂದು ಅಂದುಕೊಳ್ಳಲು ನೋಡಿದ. ಹತ್ತು ಹೆಜ್ಜೆಯೊಳಗೆ ಅದು ಸುಳ್ಳೆಂದು ತಿಳಿಯಿತು. ಗೇಟಿನಲ್ಲಿ ಯಾರೂ ಇಲ್ಲದಿದ್ದರೆ ಅವನು ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗುತ್ತಿದ್ದ, ಫೋನ್ ಮರೆತೆನೆಂದುಕೊಳ್ಳುತ್ತಿದ್ದ.

ಎರಡೂವರೆಗೆ ಅವರು ಹತ್ತಿದರು. ಮುಂದೆ ಇನ್ನೂರು ಜನವಿದ್ದರೇನೋ. ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತಿತ್ತು, ಹಾಕಿದ ಬಣ್ಣದ ದೀಪಗಳು ಹಗಲಿನಲ್ಲಿ ಉರಿಯುತ್ತಿವೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಅಪ್ಪನ ಹೆಗಲ ಮೇಲೆ ಕಿವಿಗೆ ದಪ್ಪ ಮುಚ್ಚಳ ಹಾಕಿಕೊಂಡ ಒಂದು ಕೂಸು ಐಸ್‌ಕ್ರೀಮ್ ಕರಗಿಸಿಕೊಳ್ಳುತ್ತ ಅವನನ್ನೇ ನೋಡುತ್ತಿತ್ತು. ಕಂಬ ಮೊದಲ ತಂತಿ ಮೀಟಿದ. ಅವನಿಗೆ ಕೇಳಿಸಿತು. ಇಷ್ಟು ವರ್ಷ ಎಲ್ಲಿಂದ ಶುರುವಾಗುತ್ತಿದೆ ಎಂದುಕೊಂಡಿದ್ದನೋ ಅಲ್ಲಿಂದ ಶುರುವಾಗದೆ, ಎಲ್ಲೋ ತಳದಿಂದ, ಒದ್ದೆ ನೆಲಮಾಳಿಗೆಯಿಂದ ಎದ್ದು ಬರುತ್ತಿತ್ತು ಹಾಡು. ಹೇಗೆ ಕೇಳಿಸದೆ ಹೋಯಿತು ಎಂದು ಒಂದು ಚರಣ ಮುಗಿಯುವ ತನಕ ಬೆರಗಾಗುತ್ತಲೇ ಹಾಡಿದ. ಪ್ರತಿ ಸಾಲಿನಲ್ಲೂ ಕಂಬ ಅವನಿಗಿಂತ ಒಂದು ಹೆಜ್ಜೆ ಮುಂಚೆ ಹೋಗಿ, ಅವನು ಎಡವಬಹುದಾದ ಕಲ್ಲನ್ನು ಸರಿಸಿಟ್ಟು ಕಾಯುತ್ತಿದ್ದ. ಮೂರನೆಯ ಹಾಡು ಮುಗಿದಾಗ ಮೈಕು ಇನ್ನೂ ಕೈಯಲ್ಲಿತ್ತು. ಈಗ ಕೆಳಗಿಡಬಹುದು. ಬಗ್ಗಿ ಹಲಗೆಯ ಮೇಲಿಟ್ಟರೆ ಸಾಕು, ಕಂಬನಿಗೆ ಅರ್ಥವಾಗುತ್ತದೆ, ಉಳಿದವರಿಗೆ ಅವನು ಹೇಳುತ್ತಾನೆ. ಕಂಬ ಮೊದಲ ಸಲ ಅವನತ್ತ ತಿರುಗಿ ನೋಡುತ್ತ ನಿಂತಿದ್ದ, ತಂತಿಯ ಮೇಲೆ ಅಂಗೈ ಒತ್ತಿ ಸದ್ದು ಹಿಡಿದು. ಇನ್ನು ಉಳಿದಿದ್ದುದು ಆ ಹಳೆಯ ಹಾಡು ಒಂದೇ. 'ಹೊಡಿ' ಎಂದ ಅವನು.

ಕೂಗು ಬಂತು. ಗಂಟಲಿನ ಬಲಕ್ಕೆ ಅದೇ ಜಾಗದಲ್ಲಿ ಬಿಸಿ ತಾಗಿತು. ಡ್ರಮ್ಸಿನವನು ಹದಿನಾರು ಏಟು ಮುಗಿಸಿ ಕೋಲೆತ್ತಿ ಹಿಡಿದ. ಅವನು ಕೂಗು ನಿಲ್ಲಿಸಲಿಲ್ಲ, ಹದಿನೇಳು, ಹದಿನೆಂಟು, ಡ್ರಮ್ಸಿನವನು ಗಲಿಬಿಲಿಯಾಗಿ ಮತ್ತೆ ಬಾರಿಸತೊಡಗಿದ. ಇಷ್ಟು ಕೆಳಗೆ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದಿತ್ತು. ಗೇಟಿನ ಹತ್ತಿರ ಸಿಕ್ಕಿದ್ದ ಇಬ್ಬರೂ ಮುಂದಿನ ಕಂಬಿ ಹಿಡಿದು, ಕಣ್ಣು ಮುಚ್ಚಿ, ಅವನ ಜೊತೆ ಬಾಯಿ ತೆರೆದಿದ್ದರು. ಹಲ್ಲು ನೋವಿನವನ ಕೆನ್ನೆ ಒದ್ದೆಯಾಗಿತ್ತು. ಅವರಿಗೆ ಅದು ಮೊದಲಿನ ಜಾಗದಲ್ಲೇ ಕೇಳಿಸುತ್ತಿತ್ತು. ಅವನಿಗೆ ಉಸಿರು ಮುಗಿಯುವ ತನಕ ಎರಡೂ ಕೇಳಿಸಿದವು, ತಾನು ಕೂಗುತ್ತಿರುವುದು ಮತ್ತು ಅದರ ಮೇಲೆ ಮೂರು ಮೆಟ್ಟಿಲು ಎತ್ತರದಲ್ಲಿ ಯಾರೂ ಕೂಗದೆ ಬಿಟ್ಟ ಖಾಲಿ.

ಇಳಿದು ಬಂದು ಮುಖಕ್ಕೆ ನೀರು ಹಾಕಿಕೊಳ್ಳುತ್ತಿದ್ದಾಗ ಕಾರ್ಯಕ್ರಮ ನಡೆಸುವ ಹೆಂಗಸು ಕೈಯಲ್ಲಿ ಪಟ್ಟಿ ಹಿಡಿದು ಬಂದಳು. 'ತುಂಬ ಚೆನ್ನಾಗಿತ್ತು ಸಾರ್. ಮುಂದಿನ ವರ್ಷದ್ದು ಈಗಲೇ ಬರ್ಕೋತಿದೀವಿ. ಟೈಮ್ ಮಾತ್ರ ಸ್ವಲ್ಪ ಮುಂಚೆ ಆಗಬಹುದು. ಒಂದು ಗಂಟೆಗೆ. ಪರವಾಗಿಲ್ವಾ?'

ಕಂಬ ವೈರು ಸುತ್ತುತ್ತಿದ್ದವನು ಸುತ್ತುವುದನ್ನು ನಿಲ್ಲಿಸಿದ.

'ಪರವಾಗಿಲ್ಲ' ಎಂದ ಅವನು, ಮುಖ ಒರೆಸಿಕೊಳ್ಳುತ್ತ. 'ಬರ್ಕೊಳ್ಳಿ.'

ಹೆಂಡತಿಗೆ ಕೊಟ್ಟಿದ್ದ ಮಾತನ್ನು ಅವನು ನಡೆಸಲಿಲ್ಲ.